ಒಡೆದ ಬಿಲ್ಲೆಗಳು

ಜೇವರ್ಗಿಯ ನಮ್ಮ ಮನೆಯಲ್ಲಿ ರೊಟ್ಟಿ ಬುಟ್ಟಿ ಜೋಡಿಸುವುದಕ್ಕೆ ಒಂದು ಕ್ರಮವಿತ್ತು. ದುಂಡಗೆ, ಎಲ್ಲೂ ಹರಿಯದೆ ಉಬ್ಬಿದ ರೊಟ್ಟಿಗಳು ಮೇಲೆ. ಅಂಚು ಸೀಳಿದವು, ನಡುವೆ ತೂತು ಬಿದ್ದವು, ಹಂಚಿಗೆ ಅಂಟಿ ಚೂರಾದವು ಕೆಳಗೆ. ಬೀಗರು ಬಂದರೆ ಮೇಲಿನವು, ಮನೆಯ ಹೆಂಗಸರು ಉಣ್ಣಲು ಕೂತಾಗ ಕೆಳಗಿನವು. ಇದರಲ್ಲಿ ಹೊಸದೇನು, ಎಲ್ಲರ ಮನೆಯಲ್ಲೂ ಹೀಗೇ ಅಲ್ಲವೆ ಎನ್ನುತ್ತೀರಿ. ನಾನೂ ಬಹಳ ವರ್ಷ ಹಾಗೇ ತಿಳಿದಿದ್ದೆ. ಒಳ್ಳೆಯದನ್ನು ಮೇಲಿಟ್ಟು ಕೆಟ್ಟದ್ದನ್ನು ಕೆಳಗಿಡುವುದು ಸುಳ್ಳಾಗುತ್ತದೆಯೇ ಎಂಬ ಪ್ರಶ್ನೆ ನನ್ನನ್ನು ಕಾಡಲು ಶುರುವಾದದ್ದು ರೊಟ್ಟಿಯಿಂದಲ್ಲ, ಅಂಗಿಯ ಗುಂಡಿಗಿಂತ ಕೊಂಚ ದೊಡ್ಡದಾದ ಒಂದು ಬಿಳಿ ಬಿಲ್ಲೆಯಿಂದ.

ನನ್ನ ತವರು ಆಳಂದ, ಗಂಡನ ಮನೆ ಜೇವರ್ಗಿ, ನೌಕರಿ ಅಫಜಲಪುರ. ಮೂರೂ ಒಂದೇ ಜಿಲ್ಲೆಯ ತಾಲೂಕುಗಳು. ಈ ಮೂರರ ನಡುವೆ ಬಸ್ಸಿನಲ್ಲಿ ಓಡಾಡುವುದರಲ್ಲೇ ಅರ್ಧ ಆಯುಷ್ಯ ಕಳೆದಿದೆ. 1991ರಲ್ಲಿ ಮದುವೆಯಾಯಿತು. ಅದೇ ವರ್ಷ ರಸಾಯನಶಾಸ್ತ್ರದಲ್ಲಿ ಎಂ.ಫಿಲ್. ಮಾಡಲು ಒಂದು ಪ್ರಯೋಗಾಲಯ ಸೇರಿದೆ. ಯಾವುದು ಎಂಬ ಮಾತು ಇಲ್ಲಿ ಬೇಡ. ಮುಂದೆ ಹೇಳುವುದರಲ್ಲಿ ತಪ್ಪೆಲ್ಲ ನನ್ನದೇ. ಬೆಳಿಗ್ಗೆ ಐದಕ್ಕೆ ಎದ್ದು ಅತ್ತೆಯ ಜೊತೆ ರೊಟ್ಟಿ ಬಡಿದು, ಕಟ್ಟಿಸಂಗಾವಿಯ ಹತ್ತಿರ ಭೀಮಾನದಿ ದಾಟಿ ಆಗಿನ ಗುಲಬರ್ಗಾಕ್ಕೆ ಹೋಗಿ, ಸಂಜೆ ಏಳಕ್ಕೆ ಮನೆ ಸೇರುತ್ತಿದ್ದೆ. ಆ ವರ್ಷ ಮನೆಯಲ್ಲಿ ನನ್ನ ರೊಟ್ಟಿಗಳು ಒಡೆಯುತ್ತಿದ್ದವು, ಪ್ರಯೋಗಾಲಯದಲ್ಲಿ ನನ್ನ ಬಿಲ್ಲೆಗಳು.

ಬಿಲ್ಲೆ ಏತರದ್ದು ಎಂದು ಹೇಳಬೇಕು. ಅದು ಜಿರ್ಕೋನಿಯಾ ಎಂಬ ಒಂದು ಬಗೆಯ ಪಿಂಗಾಣಿ. ನಾವು ಬಲ್ಲ ಪಿಂಗಾಣಿಯಲ್ಲಿ ಕರೆಂಟು ಹರಿಯುವುದಿಲ್ಲ, ಅದಕ್ಕೇ ಕಂಬದ ಮೇಲೆ ಪಿಂಗಾಣಿಯ ಬಟ್ಟಲು ಕೂರಿಸಿ ತಂತಿ ಕಟ್ಟುತ್ತಾರೆ. ಆದರೆ ಈ ಪಿಂಗಾಣಿಯನ್ನು ಕೆಂಪಗೆ ಕಾಯಿಸಿದರೆ ಅದರೊಳಗೆ ಆಮ್ಲಜನಕ ನಡೆದಾಡಲು ಶುರುಮಾಡುತ್ತದೆ. ಗಾಳಿಯ ಹಾಗೆ ತೂತುಗಳಿಂದ ನುಸುಳುವುದಲ್ಲ. ಆಮ್ಲಜನಕದ ಒಂದೊಂದು ಕಣವೂ ಎರಡು ಇಲೆಕ್ಟ್ರಾನುಗಳನ್ನು ಬಗಲಲ್ಲಿಟ್ಟುಕೊಂಡು, ಆಕ್ಸೈಡ್ ಅಯಾನು ಎಂಬ ಹೆಸರಿನಲ್ಲಿ, ಗಟ್ಟಿ ವಸ್ತುವಿನ ಒಳಗೇ ಒಂದು ಮನೆಯಿಂದ ಇನ್ನೊಂದು ಮನೆಗೆ ಜಿಗಿಯುತ್ತ ಹೋಗುತ್ತದೆ.

ಹೇಗೆ ಎಂದರೆ, ಹುಣ್ಣಿಮೆಯ ದಿನ ಗಾಣಗಾಪುರಕ್ಕೆ ಹೋಗುವ ಬಸ್ಸನ್ನು ನೆನೆಸಿಕೊಳ್ಳಿ. ಎಲ್ಲ ಸೀಟೂ ತುಂಬಿ, ನಿಲ್ಲಲೂ ಜಾಗವಿಲ್ಲದಿದ್ದರೆ ಯಾರೂ ಅಲ್ಲಾಡಲಾರರು. ಒಬ್ಬರು ಇಳಿದು ಒಂದು ಸೀಟು ಖಾಲಿಯಾಯಿತೆನ್ನಿ. ಪಕ್ಕದವರು ಅಲ್ಲಿಗೆ ಸರಿಯುತ್ತಾರೆ, ಅವರ ಜಾಗಕ್ಕೆ ಹಿಂದಿನವರು, ಅವರ ಜಾಗಕ್ಕೆ ಇನ್ನೊಬ್ಬರು. ಇಡೀ ಬಸ್ಸೇ ಒಂದು ಸಲ ಕದಲುತ್ತದೆ. ಜಿರ್ಕೋನಿಯಾದಲ್ಲಿ ಇಂಥ ಖಾಲಿ ಸೀಟು ಮಾಡಿಕೊಡುವುದು ಇಟ್ರಿಯಾ. ಜಿರ್ಕೋನಿಯಮ್ಮಿನ ಒಂದು ಪರಮಾಣು ಎರಡು ಆಮ್ಲಜನಕಗಳನ್ನು ಕರೆತರುತ್ತದೆ, ಇಟ್ರಿಯಮ್ಮು ಒಂದೂವರೆಯನ್ನು ಮಾತ್ರ. ಹೀಗಾಗಿ ಎರಡು ಇಟ್ರಿಯಮ್ಮುಗಳು ಬಂದು ಕೂತಲ್ಲಿ ಆಮ್ಲಜನಕದ ಒಂದು ಜಾಗ ಖಾಲಿ ಉಳಿಯುತ್ತದೆ. ನೂರಕ್ಕೆ ಎಂಟರಷ್ಟು ಇಟ್ರಿಯಾ ಹಾಕುವುದು ವಾಡಿಕೆ. ಇನ್ನೂ ಹೆಚ್ಚು ಹಾಕಿದರೆ ಇನ್ನೂ ಚೆನ್ನಾಗಿ ಹರಿಯಬೇಕಲ್ಲ ಎಂದರೆ ಇಲ್ಲ, ಖಾಲಿ ಜಾಗಗಳೂ ಇಟ್ರಿಯಮ್ಮುಗಳೂ ಒಂದಕ್ಕೊಂದು ಅಂಟಿಕೊಂಡು ನಿಂತುಬಿಡುತ್ತವೆ, ಹರಿವು ಕಡಿಮೆಯಾಗುತ್ತದೆ.

ಇದರಿಂದ ಏನುಪಯೋಗ ಎಂದು ನನ್ನ ಅತ್ತೆಯೂ ಕೇಳಿದ್ದರು, ಆಗ ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಜರ್ಮನಿಯ ವಾಲ್ಟರ್ ನರ್ನ್‌ಸ್ಟ್ ಎಂಬ ವಿಜ್ಞಾನಿ 1897ರಷ್ಟು ಹಿಂದೆಯೇ ಇದರ ಕಡ್ಡಿಯನ್ನು ಕಾಯಿಸಿ ದೀಪ ಮಾಡಿದ್ದ ಎಂದಷ್ಟೇ ಹೇಳಿದೆ. ದೀಪ ಹೊತ್ತಬೇಕಾದರೆ ಮೊದಲು ಕಡ್ಡಿಯನ್ನು ಬೇರೆ ಬೆಂಕಿಯಿಂದ ಕಾಯಿಸಬೇಕು ಎಂದು ಕೇಳಿ ಅವರು ನಕ್ಕುಬಿಟ್ಟರು: "ದೀಪಾ ಹಚ್ಚಲಾಕ ಇನ್ನೊಂದು ದೀಪಾ ಬೇಕಾ?" ಇವತ್ತಾಗಿದ್ದರೆ ಬಹಳ ಹೇಳಬಹುದಿತ್ತು. 2020ರ ಏಪ್ರಿಲ್ ನಂತರ ಹೊಸ ನಿಯಮದಂತೆ ತಯಾರಾದ ಸ್ಕೂಟರುಗಳಲ್ಲಿ ಬಹುಪಾಲಿಗೆ ಹೊಗೆ ಕೊಳವೆಯಲ್ಲೊಂದು ಆಮ್ಲಜನಕ ಅಳೆಯುವ ಸೆನ್ಸರ್ ಇರುತ್ತದೆ, ಅದರ ತುದಿಯಲ್ಲಿರುವುದು ಹೆಚ್ಚಾಗಿ ಈ ಪಿಂಗಾಣಿಯೇ. ಸಕ್ಕರೆ ಕಾರ್ಖಾನೆಗಳ ಬಾಯ್ಲರ್ ಹೊಗೆಯಲ್ಲಿ ಆಮ್ಲಜನಕ ಎಷ್ಟುಳಿದಿದೆ ಎಂದು ನೋಡುವ ಸಲಾಕೆಯ ತುದಿಯಲ್ಲೂ ಇದೇ. ಅಷ್ಟೇಕೆ, 2021ರ ಏಪ್ರಿಲ್ 20ರಂದು ಮಂಗಳ ಗ್ರಹದ ಮೇಲೆ ಅಮೆರಿಕದ ಒಂದು ಯಂತ್ರ ಅಲ್ಲಿನ ಇಂಗಾಲದ ಡೈಆಕ್ಸೈಡಿನಿಂದ ಐದು ಗ್ರಾಮಿನಷ್ಟು ಆಮ್ಲಜನಕ ತೆಗೆಯಿತಲ್ಲ, ಅದರ ಹೊಟ್ಟೆಯಲ್ಲೂ 800 ಡಿಗ್ರಿಗೆ ಕಾದ ಜಿರ್ಕೋನಿಯಾದ ತೆಳು ಬಿಲ್ಲೆಗಳಿದ್ದವು. 2023ರಲ್ಲಿ ಕೆಲಸ ನಿಲ್ಲಿಸುವ ಹೊತ್ತಿಗೆ ಅದು ಒಟ್ಟು 122 ಗ್ರಾಮು ತಯಾರಿಸಿತ್ತು. ಅತ್ತೆ ಇದ್ದಿದ್ದರೆ, ಅದನ್ನು ಯಾರು ಉಸಿರಾಡಿದರು ಎಂದು ಕೇಳುತ್ತಿದ್ದರೇನೋ.

ಮಾಡುವ ಬಗೆ ಹೇಳುತ್ತೇನೆ, ಅಡಿಗೆ ಬಲ್ಲವರಿಗೆ ಕಷ್ಟವಾಗದು. ಹಳೆಯ ಕ್ರಮದಲ್ಲಿ ಎರಡು ಪುಡಿಗಳನ್ನು ಅಗೇಟ್ ಕಲ್ಲಿನ ಒರಳಿನಲ್ಲಿ ಹಾಕಿ ಗಂಟೆಗಟ್ಟಲೆ ಅರೆಯಬೇಕು, ಸುಡಬೇಕು, ಮತ್ತೆ ಅರೆಯಬೇಕು. ಸರಿಯಾಗಿ ಬೆರೆಯದೆ ಬರಿ ಜಿರ್ಕೋನಿಯಾ ಅಲ್ಲಲ್ಲಿ ಉಳಿದರೆ ತಣ್ಣಗಾಗುವಾಗ ಆ ಭಾಗ ಉಬ್ಬಿ ಬಿಲ್ಲೆಯನ್ನು ಸೀಳಿಬಿಡುತ್ತದೆ. ನಮ್ಮ ಪುಣ್ಯಕ್ಕೆ ಅಷ್ಟರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಹೊಸ ದಾರಿ ಬಂದಿತ್ತು. ಅಲ್ಲಿನ ಕೆ. ಸಿ. ಪಾಟೀಲರೂ ಅವರ ವಿದ್ಯಾರ್ಥಿ ಕಿಂಗ್‌ಸ್ಲಿಯೂ 1988ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಅಲ್ಯೂಮಿನಿಯಮ್ ನೈಟ್ರೇಟನ್ನು ಯೂರಿಯಾದ ಜೊತೆ ನೀರಿನಲ್ಲಿ ಕರಗಿಸಿ 500 ಡಿಗ್ರಿಯ ಕುಲುಮೆಯಲ್ಲಿಟ್ಟರೆ ಅದು ಕುದಿದು, ನೊರೆಯೆದ್ದು, ತಾನೇ ಹೊತ್ತಿ ಉರಿದು ಐದೇ ನಿಮಿಷದಲ್ಲಿ ಹತ್ತಿಯಂಥ ನವುರಾದ ಪುಡಿಯಾಗುತ್ತದೆ ಎಂದು ತೋರಿಸಿದ್ದರು. ಹೌದು, ಹೊಲಕ್ಕೆ ಹಾಕುವ ಯೂರಿಯಾವೇ. ಮುಂದೆ ಅದೇ ಉಪಾಯದಿಂದ ಅವರು ಜಿರ್ಕೋನಿಯಾ ಮೊದಲಾದ ಎಷ್ಟೋ ಪುಡಿಗಳನ್ನು ಮಾಡಿದರು. ನಾನು ಮೊದಲ ಸಲ ಅದನ್ನು ನೋಡಿದಾಗ ಪಂಚಮಿಗೆ ಜೋಳದ ಅಳ್ಳು ಹುರಿಯುವುದು ನೆನಪಾಯಿತು. ಕಣ್ಣೆದುರಿಗೇ ಹಿಡಿಯಷ್ಟಿದ್ದದ್ದು ಪಾತ್ರೆ ತುಂಬಿ ಬರುತ್ತದೆ!

ಪುಡಿ ಸುಲಭವಾಯಿತು, ಬಿಲ್ಲೆ ಆಗಲಿಲ್ಲ. ಪುಡಿಗೆ ಅಂಟಿನ ದ್ರಾವಣ ನಾಲ್ಕು ಹನಿ ಕಲಸಿ, ಉಕ್ಕಿನ ಅಚ್ಚಿನಲ್ಲಿ ತುಂಬಿ, ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಕೆಲವು ಟನ್ನು ಭಾರ ಹಾಕಿ ಒತ್ತಬೇಕು. ಹೊರಬಂದ ಬಿಲ್ಲೆಯನ್ನು ಉಗುರಿನಿಂದ ತಾಕಿದರೂ ಮುಕ್ಕಾಗುತ್ತದೆ. ಅದನ್ನು 1400 ಡಿಗ್ರಿಯವರೆಗೆ ಕಾಯಿಸಿ ಗಂಟೆಗಟ್ಟಲೆ ಬಿಟ್ಟರೆ ಕುಗ್ಗಿ, ಗಟ್ಟಿಯಾಗಿ, ಕಲ್ಲಿನ ಮೇಲೆ ಬಿಟ್ಟರೆ ಟಣ್ ಎನ್ನಬೇಕು. ಅಫಜಲಪುರದ ಸಂತೆಯಲ್ಲಿ ಹೆಂಗಸರು ಗಡಿಗಿ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಾರಿಸಿ ನೋಡುತ್ತಾರಲ್ಲ, ಅದೇ ಪರೀಕ್ಷೆ. ನನ್ನವು ಟಣ್ ಎನ್ನುತ್ತಿರಲಿಲ್ಲ. ಕುಲುಮೆ ತೆರೆದರೆ ಎರಡು ಹೋಳು, ಮೂರು ಹೋಳು, ಇಲ್ಲವೇ ಪದರ ಬಿಟ್ಟ ಹಪ್ಪಳ. ನಡುನಡುವೆ ಕರೆಂಟು ಹೋಗುವುದು ಬೇರೆ. ಹೋದ ಕರೆಂಟು ಬಂದಮೇಲೆ, ಬಸ್ಸಿನ ಹೊತ್ತು ಮೀರುತ್ತದೆಂದು ಗುಬುಟು ತಿರುಗಿಸಿ ಕಾವು ಬೇಗ ಏರಿಸುವುದು. ಸಂಜೆಯ ಬಸ್ಸು ತಪ್ಪಿದರೆ ಜೇವರ್ಗಿಯಲ್ಲಿ ಮುಖ ಎತ್ತಿ ನಡೆಯುವಂತಿರಲಿಲ್ಲ.

ಒಟ್ಟು 14 ಬಿಲ್ಲೆ ಮಾಡಿದೆ. ಒಂಬತ್ತು ಸೀಳಿದವು. ಎರಡು ಪದರ ಬಿಟ್ಟವು. ಎರಡು ನೋಡಲು ಚೆನ್ನಾಗಿದ್ದರೂ ಅಳೆದಾಗ ಕರೆಂಟು ಅರ್ಧಕ್ಕರ್ಧ ಕಡಿಮೆ ಹರಿಯಿತು. ಒಂದು, ಹನ್ನೊಂದನೆಯದು, ಟಣ್ ಎಂದಿತು. ಅದರ ಎರಡೂ ಮುಖಕ್ಕೆ, ಎಲೆಗೆ ಸುಣ್ಣ ಸವರುವ ಹಾಗೆ, ಬೆಳ್ಳಿಯ ಲೇಪ ಸವರಿ ತಂತಿಗಳ ನಡುವೆ ಸಿಕ್ಕಿಸಿ ಮತ್ತೆ ಕಾಯಿಸುತ್ತ ಅಳೆದೆ. ಅಳೆಯುವುದೆಂದರೆ ಒಂದೇ ಸಲ ಮೀಟರು ಹಚ್ಚಿ ಅಂಕಿ ಬರೆದುಕೊಳ್ಳುವುದಲ್ಲ. ಹಿಂದುಮುಂದು ಬಡಿಯುವ ಕರೆಂಟನ್ನು ನಿಧಾನದಿಂದ ಬೇಗಕ್ಕೆ, ಬೇಗದಿಂದ ನಿಧಾನಕ್ಕೆ ಬದಲಿಸುತ್ತ ಒಂದೊಂದು ಅಂಕಿಯನ್ನೂ ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟರೆ ಕಮಾನುಗಳು ಮೂಡುತ್ತವೆ. ಹರಳಿನ ಒಳಗಿನ ತಡೆಗೆ ಒಂದು ಕಮಾನು, ಹರಳಿಗೂ ಹರಳಿಗೂ ನಡುವಿನ ಗಡಿಯ ತಡೆಗೆ ಇನ್ನೊಂದು. ಮಣ್ಣಿನ ಧೂಳು ಎಷ್ಟು ಸೇರಿದ್ದರೂ ಅದು ಕರಗಿ ಗಡಿಯಲ್ಲಿ ಗಾಜಾಗಿ ಕೂತು ದಾರಿ ಕಟ್ಟುತ್ತದೆ. ನಮ್ಮ ಸೀಮೆಯ ಬೇಸಿಗೆಯ ಧೂಳಿನಲ್ಲಿ ಅದನ್ನು ತಪ್ಪಿಸುವುದೂ ಒಂದು ತಪಸ್ಸು. ಹನ್ನೊಂದನೆಯ ಬಿಲ್ಲೆಯ ಕಮಾನುಗಳು ಪುಸ್ತಕದಲ್ಲಿದ್ದ ಹಾಗೆ ಬಂದವು. ಕಾವಿಗೆ ತಕ್ಕಂತೆ ಹರಿವು ಏರಿದ ಲೆಕ್ಕ ಒಂದೇ ಗೆರೆಯಲ್ಲಿ ಕೂತಿತು. ಅಂದು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅತ್ತಿದ್ದೆ, ಸಂತೋಷದಿಂದಲೇ.

ಪ್ರಬಂಧ ಬರೆಯುವಾಗ ಆ ಒಂದು ಬಿಲ್ಲೆಯ ಅಂಕಿಗಳನ್ನು ಕೊಟ್ಟೆ. ಮಿಕ್ಕ 13ರ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲವೇನೋ. ಅಂಕಿಗಳ ಕೆಳಗೆ "ಪ್ರಾತಿನಿಧಿಕ ಮಾದರಿ" ಎಂದು ಬರೆದೆ. ಎಲ್ಲರೂ ಹಾಗೇ ಬರೆಯುತ್ತಿದ್ದರು. 14ರಲ್ಲಿ ಒಂದೇ ಉಳಿದದ್ದು ಮಿಕ್ಕ 13ಕ್ಕೆ ಹೇಗೆ ಪ್ರತಿನಿಧಿಯಾಯಿತು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಎಂ.ಫಿಲ್. ಆಯಿತು, ಅಫಜಲಪುರದಲ್ಲಿ ಕಾಲೇಜಿನ ನೌಕರಿ ಸಿಕ್ಕಿತು, ಮಕ್ಕಳಾದರು. ಹನ್ನೆರಡು ವರ್ಷದ ಮೇಲೆ, 2004ರ ಒಂದು ಮಧ್ಯಾಹ್ನ, ಸ್ಟಾಫ್ ರೂಮಿನ ಬಾಗಿಲಲ್ಲಿ ಹುಡುಗಿಯೊಬ್ಬಳು ನಿಂತಿದ್ದಳು. ಆಳಂದ ತಾಲೂಕಿನ ಒಂದು ಹಳ್ಳಿಯವಳು. ಕೈಯಲ್ಲಿ ನನ್ನ ಪ್ರಬಂಧದ ಜೆರಾಕ್ಸ್. ನನ್ನ ಕೆಲಸವನ್ನೇ ಮೊದಲ ಮೆಟ್ಟಿಲಾಗಿಟ್ಟುಕೊಂಡು ಮುಂದೆ ಹೋಗಬೇಕೆಂದು ಅವಳ ಗೈಡ್ ಹೇಳಿದ್ದರಂತೆ. ಮನೆಯಲ್ಲಿ ಒಂದು ವರ್ಷ ಗಡುವು ಕೊಟ್ಟಿದ್ದರು, ಅಷ್ಟರಲ್ಲಿ ಮುಗಿಸಬೇಕು, ಆಮೇಲೆ ಮದುವೆ. ಆ ವರ್ಷದಲ್ಲಿ ಏಳು ತಿಂಗಳು ಆಗಲೇ ಮುಗಿದಿತ್ತು. ಏಳು ತಿಂಗಳಿಂದ ಅವಳು ನನ್ನ ಬಿಲ್ಲೆಯನ್ನು ಮಾಡುತ್ತಿದ್ದಳು, ಅದು ಏಳು ತಿಂಗಳಿಂದಲೂ ಒಡೆಯುತ್ತಿತ್ತು.

"ಮೇಡಂ, ನೀವು ಬರದಂಗೇ ಮಾಡ್ಲತ್ತೀನಿ. ಒಂದೂ ಉಳೀವಲ್ದು. ನನ್ನ ಕೈಯಾಗೇ ಏನೋ ದೋಷ ಅದ ಅನಿಸ್ಲತ್ತದ" ಎಂದಳು. ಎರಡೂ ಅಂಗೈಯನ್ನು ನನ್ನ ಮುಂದೆ ಹಿಡಿದು ತೋರಿಸಿದಳು, ನಾನೇನೋ ಡಾಕ್ಟರು ಎಂಬಂತೆ.

ಆಗ ನನಗಾದದ್ದನ್ನು ಹೇಗೆ ಹೇಳಲಿ? ಮೊದಲು ಬಂದದ್ದು ನಾಚಿಕೆಯಲ್ಲ, ಹೆದರಿಕೆ. ಇವಳಿಗೆ ಗೊತ್ತಾಗಿಬಿಟ್ಟರೆ ಎಂಬ ಹೆದರಿಕೆ. "ಪುಡಿ ಚಲೋ ಇರಬೇಕವ್ವ, ಧೂಳು ಬೀಳಬಾರದು" ಎಂದು ಏನೇನೋ ಹೇಳಿ, ಚಹಾ ಕುಡಿಸಿ ಕಳಿಸಿದೆ. ಅವಳು ನಮಸ್ಕಾರ ಮಾಡಿ ಹೋದಳು. ಆ ರಾತ್ರಿ ನಿದ್ದೆ ಬರಲಿಲ್ಲ. ಎರಡು ದಿನ ಬಿಟ್ಟು ಅವಳಿಗೆ ಕಾಗದ ಬರೆದೆ: ನನ್ನವೂ ಒಡೆದಿದ್ದವು, 14ರಲ್ಲಿ 13 ಕೆಟ್ಟಿದ್ದವು, ಭಾನುವಾರ ಆಳಂದಕ್ಕೆ ನಮ್ಮ ತವರುಮನೆಗೆ ಬಾ ಎಂದು.

ಆಗ ಆಳಂದದ ರಸ್ತೆಯಲ್ಲಿ ಕಡಗಂಚಿ ಎಂದರೆ ಇಕ್ಕೆಲದ ತೊಗರಿ ಹೊಲಗಳು. ಕೇಂದ್ರೀಯ ವಿಶ್ವವಿದ್ಯಾಲಯ ಹುಟ್ಟಿದ್ದೇ 2009ರಲ್ಲಿ, ಅಲ್ಲಿ ಅದು ತಲೆಯೆತ್ತಿದ್ದು ಆಮೇಲೆ. ಈಗ ಆ ದಾರಿಯಲ್ಲಿ ಬಸ್ಸು ತುಂಬ ಹುಡುಗಿಯರು ಪುಸ್ತಕ ಹಿಡಿದು ಹೋಗುವುದನ್ನು ಕಂಡಾಗೆಲ್ಲ ಆ ಭಾನುವಾರ ಒಬ್ಬಳೇ ಬಂದಿಳಿದ ಅವಳು ನೆನಪಾಗುತ್ತಾಳೆ. ಅವ್ವನ ಟ್ರಂಕಿನ ತಳದಲ್ಲಿ, ಹಳೆಯ ಇಳಕಲ್ ಸೀರೆಗಳ ಕೆಳಗೆ, ನನ್ನ ನೋಟುಬುಕ್ಕೂ ಬಿಸ್ಕತ್ತಿನ ಒಂದು ತಗಡಿನ ಡಬ್ಬಿಯೂ ಇದ್ದವು. ಡಬ್ಬಿಯಲ್ಲಿ ನಂಬರು ಬರೆದ ಕಾಗದದ ಪೊಟ್ಟಣಗಳಲ್ಲಿ ಒಡೆದ ಬಿಲ್ಲೆಗಳು. ಯಾಕೆ ಎಸೆಯಲಿಲ್ಲವೋ ತಿಳಿಯದು.

ನೋಟುಬುಕ್ಕಿನಲ್ಲಿ ಅರ್ಧ ಗಂಟೆಗೊಮ್ಮೆ ಕುಲುಮೆಯ ಕಾವು ಬರೆದಿಟ್ಟಿದ್ದೆ. ನಡುನಡುವೆ "ಕರೆಂಟು ಹೋಯಿತು", "ಬಂತು". ಅವಳು ಅವ್ವ ಕೊಟ್ಟ ಚೂಡಾ ತಿನ್ನುವುದನ್ನೂ ಮರೆತು ಒಂದೊಂದೇ ಪುಟ ತಿರುವಿದಳು. ಗಂಟೆಯ ಮೇಲೆ ತಲೆಯೆತ್ತಿ, "ಮೇಡಂ, ಹನ್ನೊಂದನೇದು 600 ಡಿಗ್ರಿ ಮುಟ್ಟಲಾಕ ಎಂಟು ತಾಸು ತಗೊಂಡದ. ಉಳಿದಿದ್ದೆಲ್ಲಾ ಎರಡೇ ತಾಸು. ಯಾಕ?" ಎಂದಳು.

ಯಾಕೆ? ನೆನೆಸಿಕೊಂಡೆ. ಅಂದು ಭಾನುವಾರ. ಹಿಂದಿನ ರಾತ್ರಿ ಬಸ್ಸು ತಪ್ಪಿ ಕಾಕಿಯ ಮನೆಯಲ್ಲಿ ಉಳಿದಿದ್ದೆ, ಆ ದಿನ ಜೇವರ್ಗಿಗೆ ಹೋಗುವ ಅವಸರವಿರಲಿಲ್ಲ. ಕಾಕಿಯ ಮನೆಯಿಂದ ಒಂದು ಕಾದಂಬರಿ ತಂದಿದ್ದೆ. ಅದನ್ನು ಓದುತ್ತ ಗುಬುಟು ತಿರುಗಿಸುವುದನ್ನೇ ಮರೆತಿದ್ದೆ! ಪುಡಿಗೆ ಕಲಸಿದ ಅಂಟು 600 ಡಿಗ್ರಿಯ ಒಳಗೇ ಸುಟ್ಟು ಹೊಗೆಯಾಗಿ ಹೊರಗೆ ಹೋಗಬೇಕು. ಅವಸರ ಮಾಡಿದರೆ ಆ ಹೊಗೆ ಒಳಗಿನಿಂದ ಒದ್ದು ಬಿಲ್ಲೆಯನ್ನು ಸೀಳುತ್ತದೆ. ಅಂದು ನನ್ನ ಮೈಮರೆವಿನಿಂದಾಗಿ ಅದಕ್ಕೆ ಸಾವಕಾಶ ಸಿಕ್ಕಿತ್ತು. ಇಷ್ಟೇ ಸಂಗತಿ. ಒಳ್ಳೆಯ ಬಿಲ್ಲೆಯೊಂದನ್ನೇ ಇಟ್ಟುಕೊಂಡು ನೂರು ವರ್ಷ ನೋಡಿದರೂ ಇದು ತಿಳಿಯುವಂತಿರಲಿಲ್ಲ. ಕೆಟ್ಟವುಗಳ ಪಕ್ಕದಲ್ಲಿಟ್ಟು ನೋಡಿದ ಮೇಲೇ ಕಂಡದ್ದು.

ಮುಂದಿನ ಆರು ಬಿಲ್ಲೆಗಳಲ್ಲಿ ಅವಳಿಗೆ ಐದು ಉಳಿದವು. ಆದರೆ ಅಷ್ಟರಲ್ಲಿ ಅವಳ ವರ್ಷ ಮುಗಿಯುತ್ತ ಬಂದಿತ್ತು. ಲಗ್ನಪತ್ರಿಕೆ ಅಚ್ಚಾಗಿತ್ತು. ಅಳೆಯುವ ಕೆಲಸ ಪೂರ್ತಿಯಾಗಲಿಲ್ಲ, ಪ್ರಬಂಧ ಬರೆಯುವುದಾಗಲಿಲ್ಲ. ಅವಳನ್ನು ಅಕ್ಕಲಕೋಟೆಗೆ ಕೊಟ್ಟರು. ಮದುವೆಗೆ ಹೋಗಿದ್ದೆ. ಅಕ್ಷತೆ ಹಾಕುವಾಗ ಅವಳು ನನ್ನ ಕಡೆ ನೋಡಿ ನಕ್ಕಳು, ನನಗೆ ನಗಲಾಗಲಿಲ್ಲ. ಆ ಏಳು ತಿಂಗಳು ಇದ್ದಿದ್ದರೆ ಅವಳು ಮುಗಿಸುತ್ತಿದ್ದಳೇ? ಗಡುವು ಹಾಕಿದವರು ನಾನಲ್ಲ ನಿಜ. ಅದರೆ ಏಳು ತಿಂಗಳು ಕಸಿದುಕೊಂಡವಳು ನಾನೇ.

ಇನ್ನು ಪ್ರಶ್ನೆಗೆ ಬರುತ್ತೇನೆ. ನಾನು ಸುಳ್ಳು ಹೇಳಿದ್ದೆನೇ? ಅಂಕಿ ಒಂದೂ ತಿದ್ದಿರಲಿಲ್ಲ. ಕೊಟ್ಟ ಅಂಕಿಗಳು ಸರಿಯಾಗಿಯೇ ಇದ್ದವು, ಅವಳ ಐದು ಬಿಲ್ಲೆಗಳೂ ಅದನ್ನೇ ಹೇಳಿದವು. ಹಾಗಾದರೆ ತಪ್ಪೇನು?

ಈ ವಿಷಯದಲ್ಲಿ ನನಗಿಂತ ಎಷ್ಟೋ ದೊಡ್ಡವರ ಕಥೆಯೊಂದಿದೆ. ಅಮೆರಿಕದ ರಾಬರ್ಟ್ ಮಿಲಿಕನ್ ಎಣ್ಣೆಯ ಹನಿಗಳನ್ನು ತೇಲಿಸಿ ಇಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆದವನು, 1923ರಲ್ಲಿ ನೊಬೆಲ್ ಪಡೆದವನು. 1913ರ ಲೇಖನದಲ್ಲಿ 58 ಹನಿಗಳ ಲೆಕ್ಕ ಕೊಟ್ಟು, ಇವು ಆರಿಸಿದವಲ್ಲ, ಅಷ್ಟು ದಿನಗಳಲ್ಲಿ ನೋಡಿದ ಹನಿಗಳೆಲ್ಲ ಇವೇ ಎಂದು ಬರೆದಿದ್ದ. ಅವನ ನೋಟುಬುಕ್ಕುಗಳನ್ನು ಬಹಳ ವರ್ಷಗಳ ಮೇಲೆ ಜೆರಾಲ್ಡ್ ಹೋಲ್ಟನ್ ಎಂಬ ಇತಿಹಾಸಕಾರರು ತೆರೆದು ನೋಡಿ 1978ರಲ್ಲಿ ಬರೆದರು: ಹನಿಗಳು ನೂರಕ್ಕೂ ಹೆಚ್ಚಿದ್ದವು. ಒಂದರ ಪಕ್ಕ ಚೆಲುವಾಗಿದೆ ಎಂದು ಬರಹ, ಇನ್ನೊಂದರ ಪಕ್ಕ ಏನೋ ಸರಿಯಿಲ್ಲ ಎಂದು. ಆದರೂ ಅವನ ಉತ್ತರ ಬಹಳಮಟ್ಟಿಗೆ ಸರಿಯಾಗಿತ್ತು. ಬಿಟ್ಟ ಹನಿಗಳನ್ನು ಸೇರಿಸಿದ್ದರೂ ಉತ್ತರ ಹೆಚ್ಚು ಕದಲುತ್ತಿರಲಿಲ್ಲ ಎನ್ನುತ್ತಾರೆ. ಅನುಭವಿಗಳಿಗೆ ಯಾವ ಹನಿ ಕೆಟ್ಟದ್ದೆಂದು ಬೆರಳ ತುದಿಗೇ ಗೊತ್ತಾಗುತ್ತದೆ, ಕುಂಬಾರನಿಗೆ ಗಡಿಗಿಯ ದನಿಯ ಹಾಗೆ ಎಂದು ಅವನ ಪರವಾಗಿ ವಾದಿಸುವವರೂ ಇದ್ದಾರೆ. ನಾನೂ ಆ ವಾದವನ್ನು ಎಷ್ಟೋ ವರ್ಷ ಮುದ್ದು ಮಾಡಿ ಇಟ್ಟುಕೊಂಡಿದ್ದೆ. ದೊಡ್ಡವರೇ ಮಾಡಿದ್ದಾರೆ, ನನ್ನದೇನು!

ಆದರೆ ಕುಂಬಾರನ ಮಾತು ತೆಗೆದಾಗಲೇ ಆ ವಾದ ನನಗೆ ಕುಂಟತೊಡಗಿತು. ಕುಂಬಾರ ಸೀಳಿದ ಗಡಿಗಿಯನ್ನು ಸಂತೆಗೆ ತರುವುದಿಲ್ಲ, ಸರಿ. ಕೊಳ್ಳುವವಳಿಗೆ ಬೇಕಾದದ್ದು ನೀರು ಸೋರದ ಗಡಿಗಿ, ಆವಿಗೆಯಲ್ಲಿ ಎಷ್ಟು ಒಡೆದವು ಎಂಬ ಲೆಕ್ಕವಲ್ಲ. ಆದರೆ ಅವನ ಮಗ? ಆ ಮಗ ಆವಿಗೆಯ ಪಕ್ಕದಲ್ಲೇ ಬೆಳೆಯುತ್ತಾನೆ, ಒಡೆದ ಬೋಕಿಗಳ ಮೇಲೆ ಆಡುತ್ತಾನೆ. ಯಾವ ಗಾಳಿಗೆ, ಯಾವ ಹಸಿಗೆ ಒಡೆಯಿತೆಂದು ಅವನಿಗೆ ಯಾರೂ ಪಾಠ ಹೇಳಬೇಕಿಲ್ಲ. ಪ್ರಬಂಧ ಎಂಬುದನ್ನು ನಾನು ಸಂತೆ ಎಂದುಕೊಂಡಿದ್ದೆ. ಓದುವವರನ್ನು ಬೀಗರು ಎಂದುಕೊಂಡು ಮೇಲಿನ ರೊಟ್ಟಿ ಬಡಿಸಿದ್ದೆ. ಬಂದವಳು ಉಣ್ಣಲು ಬಂದಿರಲಿಲ್ಲ, ಬಡಿಯುವುದನ್ನು ಕಲಿಯಲು ಬಂದಿದ್ದಳು.

ನನ್ನ ಅತ್ತೆಗೆ ಈ ವ್ಯತ್ಯಾಸ ಗೊತ್ತಿತ್ತು. ಬುಟ್ಟಿಯ ಕ್ರಮ ಹೇಳಿದೆನಲ್ಲ, ಅದರಲ್ಲಿ ಒಂದು ಮಾತು ಬಿಟ್ಟಿದ್ದೆ. ನಾನು ಹೊಸದಾಗಿ ಬಂದಾಗ ನನ್ನ ಒಂದು ರೊಟ್ಟಿಯೂ ಮೇಲೆ ಹೋಗುತ್ತಿರಲಿಲ್ಲ. ಅವರು ಕೆಳಗಿನವನ್ನು ಒಂದೊಂದಾಗಿ ತೆಗೆದು ನನ್ನ ಮುಂದೆ ಇಡುತ್ತಿದ್ದರು, ತಮ್ಮವನ್ನೂ ಸೇರಿಸಿ. "ನೋಡವ್ವ, ಇದು ಎಸರು ಆರಿದ ಮ್ಯಾಲ ನಾದಿದ್ದು. ಇದು ಹಿಟ್ಟು ಹಳೀದು, ಜಿಗಿ ಹೋಗ್ಯಾದ. ಇದು ನಂದು, ಹಂಚು ಕಾಯೂದರಾಗ ಹಾಕೀನಿ." ಬೈಯುವ ದನಿಯಲ್ಲ, ಪೇಟೆಗೆ ಹೋಗಿ ಬಂದ ಸುದ್ದಿ ಹೇಳುವ ದನಿ. ಅದೇ ವರ್ಷ, ಅದೇ ಕೈಯಿಂದ, ನಾನು ಒಡೆದ ಬಿಲ್ಲೆಗಳನ್ನು ಪೊಟ್ಟಣ ಕಟ್ಟಿ ಟ್ರಂಕಿನ ತಳಕ್ಕೆ ಸೇರಿಸುತ್ತಿದ್ದೆ. ಅಡಿಗೆಮನೆಯ ಪಾಠ ಪ್ರಯೋಗಾಲಯದ ಬಾಗಿಲವರೆಗೂ ಬರಲಿಲ್ಲ.

ಯಾಕೆ ಬರಲಿಲ್ಲ ಎಂಬುದಕ್ಕೂ ಕಾರಣವಿದೆ, ಅದನ್ನು ಮುಚ್ಚಿಟ್ಟರೆ ಇನ್ನೊಂದು ಪೊಟ್ಟಣ ಕಟ್ಟಿದಂತಾಗುತ್ತದೆ. ಅಲ್ಲಿದ್ದ ಹೆಂಗಸು ನಾನೊಬ್ಬಳೇ. ಹುಡುಗರ ಬಿಲ್ಲೆ ಒಡೆದರೆ ಫರ್ನೇಸ್ ಸರಿಯಿಲ್ಲ ಎನ್ನುತ್ತಿದ್ದರು. ನನ್ನದು ಒಡೆದಾಗ ಒಬ್ಬ, "ರೊಟ್ಟಿ ಬಡಿಯೋ ಕೈ, ಪ್ರೆಸ್ ಬಡಿದಿರಬೇಕು" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಮೇಲೆ 13 ಕೆಟ್ಟವೆಂದು ಬರೆದು ಕೊಡುವ ಧೈರ್ಯ ಎಲ್ಲಿಂದ ಬರಬೇಕು? ನನ್ನ ಒಡಕು ನನ್ನ ಒಬ್ಬಳದಾಗಿ ಉಳಿಯುವುದಿಲ್ಲ, ಮುಂದೆ ಬರುವ ಹುಡುಗಿಯರ ತಲೆಗೂ ಕಟ್ಟುತ್ತಾರೆ ಎಂದು ಅಂದು ನನಗನಿಸಿತ್ತು. ಇದು ಸುಳ್ಳು ಸಮಾಧಾನವಲ್ಲ, ಆ ಭಯ ನಿಜವಾದದ್ದೇ. ಈಗಲೂ ಇಂಥ ಹೆಣ್ಣುಮಕ್ಕಳು ಬಾಯಿಬಿಡದಿದ್ದರೆ ಅವರನ್ನು ತಪ್ಪಿತಸ್ಥರೆನ್ನಲು ನನಗೆ ನಾಲಿಗೆ ಬಾರದು. ಆದರೆ ಮುಂದೆ ಬರುವವಳನ್ನು ಕಾಪಾಡಲೆಂದು ನಾನು ಮುಚ್ಚಿಟ್ಟದ್ದೇ, ಮುಂದೆ ಬಂದ ಮೊದಲನೆಯವಳು ತನ್ನ ಅಂಗೈಯನ್ನು ತಾನೇ ಅನುಮಾನಿಸುವಂತೆ ಮಾಡಿತಲ್ಲ? ಆ ಹುಡುಗರ ನಗುವಿನ ಮಾತನ್ನು ಅವಳು ಕೇಳಿಯೇ ಇರಲಿಲ್ಲ. ಅದನ್ನು ನನ್ನ ಮೌನ ಅವಳಿಗೆ ಮುಟ್ಟಿಸಿತ್ತು.

ಒಮ್ಮೆ ಇದನ್ನೆಲ್ಲ ಅವ್ವನ ಹತ್ತಿರ ಹೇಳಿಕೊಂಡೆ. ಆಕೆಯ ಮೇಲೆ ನನ್ನದೊಂದು ಹಳೆಯ ದೂರಿತ್ತು. ಮದುವೆಯ ಮೊದಲು ಗಂಡನ ಮನೆಯ ಬಗ್ಗೆ ಆಕೆ ಹೇಳಿದ್ದೆಲ್ಲ ಒಳ್ಳೆಯದೇ. ತನ್ನ ಅತ್ತೆ ಹೇಗೆ ಮಗಳ ಹಾಗೆ ನೋಡಿಕೊಂಡಳು, ಹೇಗೆ ಒಂದು ದಿನವೂ ಮನಸ್ಸಿಗೆ ನೋವಾಗಲಿಲ್ಲ ಎಂದು. ಅದಕ್ಕೇ ನನ್ನ ಮೊದಲ ವರ್ಷ ಬಚ್ಚಲಲ್ಲಿ ನಿಂತು ಅತ್ತಾಗಲೆಲ್ಲ, ಅವ್ವನಿಗಾಗದ್ದು ನನಗೇಕೆ ಆಗುತ್ತಿದೆ, ನಾನೇ ಸರಿಯಿಲ್ಲವೇನೋ ಎಂದುಕೊಳ್ಳುತ್ತಿದ್ದೆ. "ನಿನಗೂ ಮೊದಲ ವರ್ಷ ಹಂಗೇ ಆಗಿತ್ತೇನವ್ವಾ?" ಎಂದು ಆ ದಿನ ಕೇಳಿದೆ. ಆಕೆ ತೊಗರಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು. "ನೀ ಹೆದರ್ತೀ ಅಂತ ಹೇಳಿಲ್ಲ" ಎಂದಳು. ಆಮೇಲೆ ಹೇಳತೊಡಗಿದಳು, ಕತ್ತಲಾಗುವವರೆಗೂ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ನನಗೆ ಹೇಳಿದ್ದು, ಅದನ್ನು ಮುಂದೆ ನನ್ನ ಮಗಳಿಗೆ ಹೇಳಿದೆ.

ಎಲ್ಲರಿಗೂ ಎಲ್ಲವನ್ನೂ ಹೇಳಬೇಕೆಂದು ನಾನು ಹೇಳುತ್ತಿಲ್ಲ. ಬೀಗರ ಮುಂದೆ ಒಡೆದ ರೊಟ್ಟಿ ಇಡುವವಳು ನಾನೂ ಅಲ್ಲ. ಆದರೆ ನಮ್ಮ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪುಸ್ತಕ ತಿದ್ದುವಾಗ ಕೆಟ್ಟ ಅಂಕಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದ ಮಕ್ಕಳಿಗೆ ಅರ್ಧ ಅಂಕ ಹೆಚ್ಚು ಹಾಕುತ್ತ ಬಂದಿದ್ದೇನೆ. ರಬ್ಬರಿನಿಂದ ಉಜ್ಜಿದವರಿಗೆ ಹಾಕುವುದಿಲ್ಲ. ಇದು ನಿಯಮದಲ್ಲಿಲ್ಲ ಎಂದು ಸಹೋದ್ಯೋಗಿಯೊಬ್ಬರು ಜಗಳವಾಡಿದ್ದೂ ಉಂಟು.

ಹೋದ ದೀಪಾವಳಿಯಲ್ಲಿ ಅವಳು ಮಗಳನ್ನು ಕರೆದುಕೊಂಡು ಆಳಂದದ ಮನೆಗೆ ಬಂದಿದ್ದಳು. ಅಕ್ಕಲಕೋಟೆಯಲ್ಲಿ ಕನ್ನಡ ಶಾಲೆಯ ಟೀಚರಾಗಿದ್ದಾಳೆ. ಮಗಳು ಪಿಯುಸಿ ವಿಜ್ಞಾನ. ಅವ್ವ ಮೇಡಮ್ಮು ಕೂಡಿ ಏನು ಮಾಡುತ್ತಿದ್ದಿರಿ ಎಂದು ಕೇಳಿದಳಂತೆ, ಅದಕ್ಕೆ ಡಬ್ಬಿ ತೋರಿಸಲೆಂದೇ ಕರೆತಂದಿದ್ದಳು. ಹುಡುಗಿ ಪೊಟ್ಟಣಗಳನ್ನೆಲ್ಲ ಬಿಚ್ಚಿ ಚಾಪೆಯ ಮೇಲೆ ನಂಬರಿನ ಪ್ರಕಾರ ಇಟ್ಟಳು. ಅವಳ ತಾಯಿ ಒಂದೊಂದನ್ನೇ ಎತ್ತಿ, ಇದು ಪದರ ಬಿಟ್ಟದ್ದು, ಇದು ಅವಸರಕ್ಕೆ ಸೀಳಿದ್ದು ಎಂದು ಹೇಳುತ್ತ ಹೋದಳು, ಇಪ್ಪತ್ತು ವರ್ಷವಾದರೂ ಒಂದೂ ಮರೆತಿರಲಿಲ್ಲ. ಎಣಿಸಿ ಮುಗಿಸಿದ ಹುಡುಗಿ, "ಹದಿಮೂರೇ ಅದಾವ. ಹನ್ನೊಂದನೇದು ಎಲ್ಲ್ಯದರೀ?" ಎಂದಳು.

ಅದನ್ನು ಆಗಲೇ ಅಲ್ಲಿನ ಗಾಜಿನ ಕಪಾಟಿನಲ್ಲಿಡಲು ಕೊಟ್ಟಿದ್ದೆ. ಈಗ ಎಲ್ಲಿದೆಯೋ ತಿಳಿಯದು.